ಬೇಲಿ ದಾಟಿದ ಹೂವು: ಲಂಟಾನದ 200 ವರ್ಷದ ಲೆಕ್ಕ

ಈ ಸಲದ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಹೂವಿನ ಗಿಡ ಇದೆ, ಅಷ್ಟೇ. ಆದರೆ ಈ ಗಿಡ ನಮ್ಮ ದೇಶದಲ್ಲಿ ಹಿಡಿದಿರೋ ಜಾಗ ನೋಡಿದರೆ ಎಷ್ಟೋ ರಾಜರು ನಾಚಿಕೊಳ್ಳಬೇಕು.

ಮೊದಲು ಒಂದು ಕೆಲಸ ಮಾಡಿ. ಮನೆ ಕಟ್ಟಿಸಿದವರು ಯಾರಾದರೂ ನರ್ಸರಿಗೆ ಹೋಗಿ ಕಾಂಪೌಂಡ್ ಪಕ್ಕಕ್ಕೆ ಗಿಡ ಕೇಳೋದನ್ನ ನೆನಪು ಮಾಡಿಕೊಳ್ಳಿ. ಸಾಮಾನ್ಯವಾಗಿ ಕೇಳೋದು ನಾಲ್ಕೇ ಮಾತು. ವರ್ಷಪೂರ್ತಿ ಹೂ ಬಿಡಬೇಕು. ದಿನಾ ನೀರು ಹಾಕೋಕಾಗಲ್ಲ, ಕಡಿಮೆ ನೀರಲ್ಲಿ ಬದುಕಬೇಕು. ದನ, ಮೇಕೆ ಬಾಯಿ ಹಾಕಬಾರದು. ಕತ್ತರಿಸಿದರೆ ಮತ್ತೆ ದಟ್ಟವಾಗಿ ಚಿಗುರಬೇಕು. ನ್ಯಾಯವಾದ ಬೇಡಿಕೆಗಳೇ ಬಿಡಿ. ನಾನಾದರೂ ಇದನ್ನೇ ಕೇಳ್ತೀನಿ.

ಸುಮಾರು 200 ವರ್ಷದ ಹಿಂದೆ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, ಈ ನಾಲ್ಕಕ್ಕೂ 'ಹೌದು' ಅನ್ನೋ ಒಂದು ಗಿಡ ಭಾರತಕ್ಕೆ ಬಂತು. ಅದರ ಹೆಸರು ಲಂಟಾನ. ಇವತ್ತು ಆ ಗಿಡ ಭಾರತದ ಹುಲಿ ಕಾಡುಗಳಲ್ಲಿ 1.54 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ಇದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೊಟ್ಟ ಅಂಕಿ. ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ರಾಜ್ಯದ ಹತ್ತು ಪಾಲಲ್ಲಿ ಎಂಟು ಪಾಲಿನಷ್ಟು ಜಾಗ. ಹುಲಿ ಇರೋ ಕಾಡುಗಳ ಲೆಕ್ಕ ಹಿಡಿದರೆ ನೂರಕ್ಕೆ ನಲವತ್ತು ಭಾಗಕ್ಕಿಂತ ಜಾಸ್ತಿ.

ನಾನು ಓದಿದ್ದು ಬಿ.ಕಾಂ. ಸಸ್ಯಶಾಸ್ತ್ರ ಕ್ಲಾಸಲ್ಲಿ ಕೂತವನಲ್ಲ. ಆದರೆ ಈ ಕಥೆ ಓದ್ತಾ ಹೋದಂಗೆ ನನಗೆ ಪರಿಚಯದ ಒಂದು ಪ್ರಶ್ನೆ ಕಾಣಿಸ್ತು. ಇದರ ಲಾಭ ಯಾರ ಖಾತೆಗೆ ಹೋಯ್ತು, ಖರ್ಚು ಯಾರ ಖಾತೆಗೆ ಬಿತ್ತು? ಇವತ್ತು ಆ ಲೆಕ್ಕಪುಸ್ತಕ ತೆಗೆಯೋಣ.

ಮೊದಲು ಗಿಡದ ಗುರುತು. ನೀವು ಖಂಡಿತ ನೋಡಿರ್ತೀರ. ರಸ್ತೆ ಬದಿ, ಖಾಲಿ ಸೈಟು, ಕೆರೆ ಏರಿ, ಬೆಟ್ಟದ ದಾರಿ, ಎಲ್ಲ ಕಡೆ ಇರೋ ಪೊದೆ. ಎಲೆ ಒರಟು, ಉಜ್ಜಿದರೆ ಘಾಟು ವಾಸನೆ. ಕಾಂಡ ಚೌಕಾಕಾರ, ಸಣ್ಣ ಮುಳ್ಳು. ಹೂವು ಮಾತ್ರ ಬಹಳ ಚಂದ. ಗುಂಡನೆಯ ಒಂದೇ ಗೊಂಚಲಲ್ಲಿ ನಡುವೆ ಹಳದಿ, ಅಂಚಲ್ಲಿ ಕೆಂಪೋ ಗುಲಾಬಿಯೋ. ಇದು ಬರೀ ಅಲಂಕಾರ ಅಲ್ಲ. ಹೊಸದಾಗಿ ಅರಳಿದ ಹೂವು ಹಳದಿ ಇರುತ್ತೆ, ಅದರಲ್ಲಿ ಮಕರಂದ ಇರುತ್ತೆ. ಪರಾಗಸ್ಪರ್ಶ ಆದ ಮೇಲೆ ಬಣ್ಣ ಬದಲಾಗುತ್ತೆ. ಚಿಟ್ಟೆಗಳಿಗೆ ಅದೊಂಥರ ಬೋರ್ಡು: ಈ ಅಂಗಡಿ ತೆರೆದಿದೆ, ಆ ಅಂಗಡಿ ಮುಚ್ಚಿದೆ. ಆಮೇಲೆ ಹಸಿರು ಕಾಯಿ, ಹಣ್ಣಾದರೆ ಕಪ್ಪು. ಪಿಕಳಾರದಂಥ ಹಕ್ಕಿಗಳು ಈ ಹಣ್ಣು ತಿಂದು ಬೀಜವನ್ನ ಎಲ್ಲೆಲ್ಲೋ ಉದುರಿಸ್ತವೆ. ಒಂದು ದೊಡ್ಡ ಪೊದೆ ವರ್ಷಕ್ಕೆ 12,000 ತನಕ ಹಣ್ಣು ಬಿಡಬಲ್ಲದು ಅಂತ ಹೇಳ್ತಾರೆ. ವರ್ಷಪೂರ್ತಿ ಹೂವು ಅಂದರೆ ವರ್ಷಪೂರ್ತಿ ಬೀಜ. ಇದನ್ನ ನೆನಪಿಟ್ಟುಕೊಳ್ಳಿ.

ಈಗ ಇತಿಹಾಸಕ್ಕೆ ಬರೋಣ. ಲಂಟಾನದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣ ಪ್ರದೇಶ. 1600ರ ದಶಕದಲ್ಲಿ ಬ್ರೆಜಿಲ್ ಕಡೆ ಹೋಗಿದ್ದ ಡಚ್ಚರು ಅದನ್ನ ನೆದರ್‌ಲ್ಯಾಂಡ್ಸ್‌ಗೆ ತಂದರು. ಯುರೋಪಿನ ಚಳಿಗೆ ಅದು ಹೊರಗೆ ಬದುಕಲ್ಲ. ಹಾಗಾಗಿ ಶ್ರೀಮಂತರ ಗಾಜಿನ ಮನೆಗಳಲ್ಲಿ ಬೆಳೀತು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದಕ್ಕೆ ಲಂಟಾನ ಕಮಾರ ಅಂತ ಶಾಸ್ತ್ರೀಯ ಹೆಸರು ಕೊಟ್ಟ.

ಇಲ್ಲಿ ಒಂದು ಮುಖ್ಯವಾದ ಸಂಗತಿ ಇದೆ. ಯುರೋಪಿನ ತೋಟಗಾರರು ಈ ಗಿಡವನ್ನ ಬಂದ ಹಾಗೇ ಬಿಡಲಿಲ್ಲ. ಬೇರೆ ಬೇರೆ ಬಗೆಗಳನ್ನ ಒಂದರ ಜೊತೆ ಒಂದು ಕೂಡಿಸಿದರು. ಜಾಸ್ತಿ ಹೂ ಬಿಡೋದು, ಹೊಸ ಬಣ್ಣ ಬರೋದು, ಗಟ್ಟಿಯಾಗಿ ಬೆಳೆಯೋದು ಯಾವುದೋ ಅದನ್ನ ಆರಿಸಿ ಮುಂದುವರಿಸಿದರು. ಹೀಗೆ ನೂರಾರು ತೋಟದ ತಳಿಗಳು ಹುಟ್ಟಿದವು. ವಸಾಹತುಗಳಿಗೆ ಹಡಗು ಹತ್ತಿದ್ದು ಹೆಚ್ಚಾಗಿ ಇಂಥ ತಳಿಗಳೇ. ಹಾಗಾಗಿ ನಮ್ಮ ಕಾಡಲ್ಲಿ ಇವತ್ತು ಇರೋ ಲಂಟಾನವನ್ನ 'ಅಮೆರಿಕದ ಕಾಡುಗಿಡ' ಅನ್ನೋದು ಪೂರ್ತಿ ಸರಿಯಲ್ಲ. ಮನುಷ್ಯರು ತಮ್ಮ ಅಂಗಳಕ್ಕೋಸ್ಕರ, ತಮಗೆ ಬೇಕಾದ ಗುಣ ನೋಡಿ ನೋಡಿ ಆರಿಸಿ ತಯಾರು ಮಾಡಿದ ಗಿಡ ಅದು.

ಭಾರತಕ್ಕೆ ಬಂದಿದ್ದು 1800ರ ದಶಕದ ಶುರುವಲ್ಲಿ, 1807-09ರ ಆಸುಪಾಸು. ಬಂದ ಜಾಗ ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್. ಈಸ್ಟ್ ಇಂಡಿಯಾ ಕಂಪನಿ 1787ರಲ್ಲಿ ಹೂಗ್ಲಿ ನದಿಯ ದಡದಲ್ಲಿ ಶುರು ಮಾಡಿದ ತೋಟ ಅದು. ಕಂಪನಿ ತೋಟ ಮಾಡಿದ್ದು ವಾಕಿಂಗ್ ಹೋಗೋಕಲ್ಲ ಅನ್ನೋದು ನಿಮಗೆ ಗೊತ್ತಿರಬೇಕು. ತೇಗ, ಸಾಂಬಾರ ಪದಾರ್ಥ, ನಾರಿನ ಬೆಳೆ, ಹೀಗೆ ಯಾವ ಗಿಡದಿಂದ ವ್ಯಾಪಾರ ಕುದುರುತ್ತೆ ಅಂತ ಪರೀಕ್ಷೆ ಮಾಡೋ ಜಾಗ. ಅದರ ಜೊತೆಗೆ ಚಂದದ ಗಿಡಗಳೂ ಬರ್ತಿದ್ದವು, ಒಂದು ತೋಟದಿಂದ ಇನ್ನೊಂದಕ್ಕೆ ಹೋಗ್ತಿದ್ದವು. ಲಂಟಾನ ಬಂದಿದ್ದು ಈ ಎರಡನೇ ಸಾಲಲ್ಲಿ, ಅಲಂಕಾರದ ಗಿಡವಾಗಿ, ಬೇಲಿ ಗಿಡವಾಗಿ.

ಬಂಗಲೆಗಳಿಗೆ, ದಂಡಿನ ಪ್ರದೇಶಗಳಿಗೆ, ಎಸ್ಟೇಟುಗಳಿಗೆ ಇದಕ್ಕಿಂತ ಒಳ್ಳೆ ಬೇಲಿ ಎಲ್ಲಿ ಸಿಗಬೇಕು? ಮಾಲಿಗೆ ಕೆಲಸ ಕಡಿಮೆ. ಒಂದು ಕಡ್ಡಿ ಚುಚ್ಚಿದರೆ ಗಿಡ. ಬೇಸಿಗೆಯಲ್ಲೂ ಹೂವು. ದನ ಹತ್ತಿರ ಬರಲ್ಲ, ಯಾಕಂದರೆ ಎಲೆಯಲ್ಲಿ ಲಂಟಡೀನ್ ಅನ್ನೋ ವಿಷ ಇದೆ. ಹಸಿವು ತಡೆಯಲಾರದೆ ತಿಂದ ದನ, ಕುರಿಗಳಿಗೆ ಪಿತ್ತಜನಕಾಂಗ ಕೆಡುತ್ತೆ, ಬಿಸಿಲು ತಾಗಿದ ಕಡೆ ಚರ್ಮ ಸುಲಿಯುತ್ತೆ, ಸಾಯೋದೂ ಉಂಟು. ಬೇಲಿ ಹಾಕಿದ ಸಾಹೇಬರಿಗೆ ಅದು ಗುಣ. ಬೇಲಿಯ ಆಚೆ ದನ ಮೇಯಿಸೋನಿಗೆ?

ಇಲ್ಲಿಂದ ಕಥೆ ನಮ್ಮ ಕೊಡಗಿಗೆ ಬರುತ್ತೆ. 19ನೇ ಶತಮಾನ ಮುಗಿಯೋ ಹೊತ್ತಿಗೆ ಲಂಟಾನ ಬೇಲಿ ಬಿಟ್ಟು ಬೀಳುಭೂಮಿ, ಕಾಡಂಚು ಎಲ್ಲ ಹಿಡಿದಾಗಿತ್ತು. 1899ರಲ್ಲಿ ಕೊಡಗಿನಲ್ಲಿ ಶ್ರೀಗಂಧದ ಮರಗಳಿಗೆ ಒಂದು ವಿಚಿತ್ರ ರೋಗ ಬಂದಿದ್ದು ವರದಿಯಾಯ್ತು. ಎಲೆ ಚಿಕ್ಕದಾಗಿ, ಮೊನಚಾಗಿ, ಕೊಂಬೆ ಕಡ್ಡಿಯ ಗೊಂಚಲಿನ ಥರ ಆಗಿ ಮರ ಸತ್ತುಹೋಗ್ತಿತ್ತು. ಸ್ಪೈಕ್ ರೋಗ ಅಂತ ಹೆಸರಿಟ್ಟರು. ಶ್ರೀಗಂಧ ಅಂದರೆ ಸರ್ಕಾರಕ್ಕೆ ನೇರ ದುಡ್ಡು. ಕಾರಣ ಹುಡುಕುವಾಗ ಅನುಮಾನ ಹೋಗಿದ್ದು ಲಂಟಾನದ ಮೇಲೆ, ಯಾಕಂದರೆ ಗಂಧದ ಮರಗಳ ಸುತ್ತಮುತ್ತ ಅದೇ ತುಂಬಿತ್ತು. ಆ ರೋಗ ಒಂದು ಸೂಕ್ಷ್ಮಜೀವಿಯಿಂದ ಬರುತ್ತೆ ಅಂತ ಗೊತ್ತಾಗಿದ್ದು 1969ರಲ್ಲಿ, 70 ವರ್ಷ ಆದ ಮೇಲೆ.

ಗಮನಿಸಿ, ಅನುಮಾನ ನಿಜವೋ ಸುಳ್ಳೋ ಬೇರೆ ಮಾತು. ಲಂಟಾನ ಊರಿನವರ ದನಗಳ ಮೇವು ನುಂಗ್ತಿದ್ದಾಗ ಅದು ಸರ್ಕಾರಕ್ಕೆ ಅಷ್ಟು ದೊಡ್ಡ ತಲೆನೋವಾಗಿರಲಿಲ್ಲ. ಗಂಧದ ಆದಾಯಕ್ಕೆ ಕುತ್ತು ಬರಬಹುದು ಅಂದಾಗ ಅದು ದೊಡ್ಡ ವಿಷಯ ಆಯ್ತು. 1916ರಿಂದ 1919ರ ತನಕ ವೈ. ರಾಮಚಂದ್ರ ರಾವ್ ಅನ್ನೋ ಕೀಟವಿಜ್ಞಾನಿ ಭಾರತ, ಬರ್ಮಾ ಸುತ್ತಿ, ಲಂಟಾನವನ್ನ ತಿನ್ನೋ ಕೀಟಗಳು ನಮ್ಮಲ್ಲೇ ಯಾವುದಾದರೂ ಇದಾವಾ ಅಂತ ಹುಡುಕಿದರು. 1920ರಲ್ಲಿ ವರದಿ ಬಂತು. ಗಿಡವನ್ನ ಹದ್ದುಬಸ್ತಿಗೆ ತರಬಲ್ಲ ಕೀಟ ಇಲ್ಲಿ ಸಿಗಲಿಲ್ಲ.

ಕೀಟ ಯಾಕೆ ಹುಡುಕಿದರು? ಯಾಕಂದರೆ ಅದೇ ಹೊತ್ತಿಗೆ ಹವಾಯಿ ದ್ವೀಪದಿಂದ ಒಂದು ಹೊಸ ಉಪಾಯ ಬಂದಿತ್ತು. ಅಲ್ಲಿಗೂ ಲಂಟಾನ 1858ರಲ್ಲಿ ಅಲಂಕಾರದ ಗಿಡವಾಗೇ ಹೋಗಿತ್ತು, ಅಲ್ಲೂ ಹುಲ್ಲುಗಾವಲು ಹಿಡಿದಿತ್ತು. 1902ರಲ್ಲಿ ಆಲ್ಬರ್ಟ್ ಕೋಬೆಲ್ ಅನ್ನೋ ಕೀಟತಜ್ಞ ಮೆಕ್ಸಿಕೋಗೆ ಹೋಗಿ ಲಂಟಾನ ತಿನ್ನೋ ಕೀಟಗಳನ್ನ ಹಿಡಿದು ಹವಾಯಿಗೆ ಕಳಿಸಿದ. ಗಿಡವನ್ನ ತವರಿಂದ ತಂದಾಗ ಅದರ ಶತ್ರುಗಳನ್ನ ಅಲ್ಲೇ ಬಿಟ್ಟು ಬಂದಿದ್ದೀವಿ, ಈಗ ಅವನ್ನೂ ಕರೆಸೋಣ, ಅನ್ನೋ ಯೋಚನೆ. ಕಳೆ ನಿಯಂತ್ರಣಕ್ಕೆ ಬೇರೆ ದೇಶದಿಂದ ಕೀಟ ತರಿಸಿದ ಆರಂಭದ ಪ್ರಯತ್ನಗಳಲ್ಲಿ ಇದು ಒಂದು.

1921ರಲ್ಲಿ ಭಾರತಕ್ಕೂ ಹವಾಯಿಯಿಂದ ಒಂದು ಸಣ್ಣ ನೊಣ ಬಂತು. ಲಂಟಾನದ ಕಾಯಿ ಒಳಗೆ ಮೊಟ್ಟೆ ಇಡೋ ನೊಣ. ಅದು ಇಲ್ಲಿ ನೆಲೆ ನಿಂತಿತು, ಲಂಟಾನಕ್ಕೆ ಮಾತ್ರ ಹೇಳಿಕೊಳ್ಳೋ ಅಂಥ ನಷ್ಟ ಆಗಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ಕೀಟವನ್ನ ಡೆಹ್ರಾಡೂನ್‌ಗೆ ತರಿಸಿದರು. ಪರೀಕ್ಷೆ ಮಾಡುವಾಗ ಅದು ತೇಗದ ಹೂವನ್ನೂ ತಿನ್ನುತ್ತೆ ಅಂತ ಕಂಡುಬಂತು. ತೇಗ! ಗಂಧದಷ್ಟೇ ಬೆಲೆಬಾಳೋ ಮರ. ಎಲ್ಲ ಕೀಟ ನಾಶ ಮಾಡಿ ಅಂತ ಆದೇಶ ಆಯ್ತು. ಆದರೆ ಕೆಲವು ತಪ್ಪಿಸಿಕೊಂಡವು, ದೇಶದಲ್ಲಿ ಹಬ್ಬಿದವು. ತೇಗ ಏನೂ ಮುಳುಗಿಹೋಗಲಿಲ್ಲ. ಲಂಟಾನವೂ ಮುಳುಗಲಿಲ್ಲ. ಕೀಟ ಎಲೆ ತಿಂದರೆ ಗಿಡ ಸ್ವಲ್ಪ ದಿನ ಬೋಳಾಗಿ, ಮಳೆ ಬಂದ ಮೇಲೆ ಮತ್ತೆ ಚಿಗುರುತ್ತೆ. 'ಕತ್ತರಿಸಿದರೆ ಮತ್ತೆ ದಟ್ಟವಾಗಿ ಚಿಗುರಬೇಕು' ಅಂತ ನರ್ಸರಿಯಲ್ಲಿ ಕೇಳಿದ್ವಲ್ಲ, ಅದೇ ಗುಣ. ಮೇಲಾಗಿ ತೋಟದವರು ನೂರಾರು ತಳಿ ಮಾಡಿದ್ದರಿಂದ ಒಂದು ತಳಿಗೆ ಒಗ್ಗಿದ ಕೀಟ ಇನ್ನೊಂದನ್ನ ಅಷ್ಟಾಗಿ ಮುಟ್ಟದೇ ಇರಬಹುದು.

ಕಾಡಿನ ಕಥೆ ಓದೋರಿಗೆ ಈ ಗಿಡ ಆಗಲೇ ಪರಿಚಯ. ಕೆನೆತ್ ಆಂಡರ್ಸನ್‌ನ ಬೇಟೆ ಅನುಭವಗಳನ್ನ ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಅಂತ ಕನ್ನಡಕ್ಕೆ ತಂದರಲ್ಲ, ಆ ಆಂಡರ್ಸನ್‌ನ ಬರಹದಲ್ಲಿ ಲಂಟಾನ ಪೊದೆ ಪದೇ ಪದೇ ಬರುತ್ತೆ. ಹುಲಿ, ಚಿರತೆ ಅಡಗೋ ಜಾಗವಾಗಿ. ಅಂದರೆ ಕಳೆದ ಶತಮಾನದ ನಡುವಿಗೇ ನಮ್ಮ ಸೀಮೆಯ ಕುರುಚಲು ಕಾಡಲ್ಲಿ ಅದು ಎಷ್ಟು ಸಾಮಾನ್ಯ ಆಗಿತ್ತು ನೋಡಿ. ಬಂಗಲೆಯ ಹೂವು ಕೆಲವು ತಲೆಮಾರಲ್ಲಿ ಕಾಡಿನ ಗುರುತೇ ಆಗಿಬಿಟ್ಟಿತ್ತು.

ಈಗ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗೋಣ. ಯಾಕಂದರೆ ಅಲ್ಲಿ ಈ ಲೆಕ್ಕವನ್ನ ನಿಜವಾಗಲೂ ಎಣಿಸಿದ್ದಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್, 1997ರಲ್ಲಿ ಅಳತೆ ಮಾಡಿದ್ದ ಕಾಡಿನ ತುಣುಕುಗಳನ್ನೇ 2008ರಲ್ಲಿ ಮತ್ತೆ ಅಳೆದರು. 1997ರಲ್ಲಿ ನೂರಕ್ಕೆ 41 ಕಡೆ ಲಂಟಾನ ಇತ್ತು. 2008ರಲ್ಲಿ ನೂರಕ್ಕೆ 81 ಕಡೆ. ಮೊದಲು ಕಾಡಲ್ಲಿ 20 ಕಾಂಡ ಎಣಿಸಿದರೆ ಒಂದು ಲಂಟಾನ ಸಿಗ್ತಿತ್ತು. ಹನ್ನೊಂದೇ ವರ್ಷದಲ್ಲಿ ಮೂರಕ್ಕೆ ಒಂದು ಲಂಟಾನ. ಅದೂ ಎಲ್ಲಿ? 1974ರಿಂದ ವನ್ಯಜೀವಿಧಾಮ ಆಗಿ ರಕ್ಷಣೆಯಲ್ಲಿರೋ ಕಾಡಲ್ಲಿ.

ಆ ಕಾಡಲ್ಲಿ ತಲೆತಲಾಂತರದಿಂದ ಇರೋರು ಸೋಲಿಗರು. ಲಂಟಾನ ಯಾಕೆ ಹೀಗೆ ಹಬ್ಬಿತು ಅಂತ ಅವರನ್ನ ಕೇಳಿದರೆ ಅವರ ಉತ್ತರ ಸ್ಪಷ್ಟ: ತರಗು ಬೆಂಕಿ ನಿಂತಿತು. ಬೇಸಿಗೆ ಬಲಿಯೋದಕ್ಕೆ ಮುಂಚೆ, ಬಿದ್ದ ಒಣ ಎಲೆಗೆ ಮಾತ್ರ ಹತ್ತೋ ಹಾಗೆ ಅವರು ಸಣ್ಣ ಬೆಂಕಿ ಹಾಕ್ತಿದ್ದರು. ನೆಲದ ಮೇಲಿನ ತರಗು ಸುಡ್ತಿತ್ತು, ಎಳೆ ಲಂಟಾನ ಸಾಯ್ತಿತ್ತು, ಹುಲ್ಲು ಮತ್ತೆ ಬರ್ತಿತ್ತು, ದೊಡ್ಡ ಮರಕ್ಕೆ ಏನೂ ಆಗ್ತಿರಲಿಲ್ಲ. ವನ್ಯಜೀವಿಧಾಮ ಆದ ಮೇಲೆ ಬೆಂಕಿ ಹಾಕೋದು ಅಪರಾಧ ಆಯ್ತು. ತರಗು ಗುಡ್ಡೆ ಬಿತ್ತು, ಲಂಟಾನ ಬಲಿತು ಆಳೆತ್ತರ ಆಯ್ತು. ಈಗ ಕಡುಬೇಸಿಗೆಯಲ್ಲಿ ಎಲ್ಲಿಂದಲೋ ಬೆಂಕಿ ಬಿದ್ದರೆ ಒಣಗಿದ ಲಂಟಾನ ಪೊದೆ ಏಣಿ ಥರ ಅದನ್ನ ಮರದ ತಲೆಗೆ ಹತ್ತಿಸುತ್ತೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದ ವಿಡಿಯೋಗಳನ್ನ ನೀವು ವಾಟ್ಸಾಪಲ್ಲಿ ನೋಡಿರ್ತೀರ. ಆ ಬೆಂಕಿಗೆ ಸೌದೆ ಆಗಿದ್ದರಲ್ಲಿ ಲಂಟಾನದ್ದು ದೊಡ್ಡ ಪಾಲು.

ಬೆಂಕಿಯ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದೆ, ಅದನ್ನೂ ಹೇಳಿಬಿಡ್ತೀನಿ. ಪದೇ ಪದೇ ಜೋರಾಗಿ ಸುಟ್ಟ ಜಾಗದಲ್ಲಿ ಲಂಟಾನ ಇನ್ನೂ ಬೇಗ ಬರುತ್ತೆ, ಬುಡದಿಂದಲೇ ಚಿಗುರುತ್ತೆ. ಆದರೆ ಸೋಲಿಗರು ಹೇಳ್ತಿರೋದು ಆ ಬೆಂಕಿಯ ಕಥೆ ಅಲ್ಲ. ಅವರು ಹೇಳ್ತಿರೋದು ಗಿಡ ಇನ್ನೂ ಎಳೆಯದಿದ್ದಾಗ ಹಾಕೋ ಸಣ್ಣ ಬೆಂಕಿ. ಗಿಡ ಬಲಿತು ಕಾಡು ತುಂಬಿದ ಮೇಲೆ ಆ ಅವಕಾಶವೂ ಕೈತಪ್ಪಿದೆ.

ಲಂಟಾನ ತುಂಬಿದ ಕಾಡಲ್ಲಿ ಏನಾಗುತ್ತೆ? ಅದರ ನೆರಳಲ್ಲಿ ಹುಲ್ಲು ಬರಲ್ಲ. ಹುಲ್ಲಿಲ್ಲ ಅಂದರೆ ಜಿಂಕೆ, ಕಾಟಿ, ಆನೆಗೆ ಮೇವು ಕಮ್ಮಿ. ಮೇವು ಕಮ್ಮಿ ಆದಾಗ ಕಾಡಂಚಿನ ರಾಗಿ, ಜೋಳ, ಕಬ್ಬು ಕಾಣಿಸುತ್ತೆ. ಆನೆ ಹೊಲಕ್ಕೆ ಬರೋದಕ್ಕೆ ಕಾರಣ ಹತ್ತಾರಿವೆ, ಎಲ್ಲ ತಪ್ಪನ್ನೂ ಈ ಗಿಡದ ತಲೆಗೆ ಕಟ್ಟೋಕಾಗಲ್ಲ. ಆದರೆ ಅದರ ಪಾಲು ಇದೆ. ಇನ್ನು ನೆಲ್ಲಿಕಾಯಿ, ಜೇನು, ಪಾಸೆ ತರೋಕೆ ಕಾಡಿಗೆ ಹೋಗೋ ಸೋಲಿಗರಿಗೆ ಹಳೇ ಕಾಲುದಾರಿಗಳೇ ಮುಚ್ಚಿಹೋಗಿವೆ. ಆಳೆತ್ತರದ ಪೊದೆಯ ಆಚೆ ಆನೆ ನಿಂತಿದ್ದರೆ ಹತ್ತು ಹೆಜ್ಜೆ ದೂರಕ್ಕೂ ಗೊತ್ತಾಗಲ್ಲ. ಆಂಡರ್ಸನ್ ಕೈಯಲ್ಲಾದರೂ ಬಂದೂಕ ಇತ್ತು.

ಈಗ ಲೆಕ್ಕಪುಸ್ತಕ. ಕಾಮರ್ಸ್‌ನಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಒಂದು ಪದ ಕಲಿಸ್ತಾರೆ. ಕಾರ್ಖಾನೆಯ ಕೊಳಕು ನೀರು ಹೊಳೆಗೆ ಹೋದರೆ ಆ ಖರ್ಚು ಕಾರ್ಖಾನೆಯ ಖಾತೆಯಲ್ಲಿ ಕಾಣಿಸಲ್ಲ, ಕೆಳಗಿನ ಊರಿನವರ ಆಸ್ಪತ್ರೆ ಬಿಲ್‌ನಲ್ಲಿ ಕಾಣಿಸುತ್ತೆ. ಪರೀಕ್ಷೆಗೆ ಇದನ್ನ ಉರು ಹೊಡೆಯುವಾಗ ಕಾರ್ಖಾನೆ, ಹೊಗೆ, ಹೊಳೆ ಇಷ್ಟೇ ತಲೆಯಲ್ಲಿದ್ದಿದ್ದು. ಅಂಗಳದ ಹೂವಿಗೂ ಇದು ಅನ್ವಯಿಸುತ್ತೆ ಅಂತ ಯಾರೂ ಹೇಳಿರಲಿಲ್ಲ. ಬಂಗಲೆಯವರ ಖಾತೆಯಲ್ಲಿ ಲಂಟಾನ ಪೂರ್ತಿ ಲಾಭ: ಹೂವು, ಬೇಲಿ, ಉಳಿದ ನೀರು, ಉಳಿದ ಕೂಲಿ. ನಷ್ಟ ಬರೆಯೋಕೆ ಅವರ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಆ ಕಾಲಂ ಇದ್ದಿದ್ದು ದನಗಾಹಿಯ ಹತ್ತಿರ, ಕಾಡಂಚಿನ ರೈತನ ಹತ್ತಿರ, ಪೋಡಿನ ಸೋಲಿಗರ ಹತ್ತಿರ. ಅವರ್ಯಾರೂ ನರ್ಸರಿಗೆ ಹೋಗಿ ಈ ಗಿಡ ಕೇಳಿರಲಿಲ್ಲ. ಇನ್ನೂರು ವರ್ಷ ಆದರೂ ಬಿಲ್ ಬರ್ತಾನೇ ಇದೆ, ಕಟ್ಟೋರು ಅವರೇ.

ಕೀಳೋಕೆ ಆಗಲ್ವಾ? ಆಗುತ್ತೆ, ಆದರೆ ಬೆವರು ಬೇಕು. ಮೇಲೆ ಕತ್ತರಿಸಿದರೆ ದುಪ್ಪಟ್ಟು ಚಿಗುರುತ್ತೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಜೊತೆಗಾರರು ರೂಢಿಗೆ ತಂದ ವಿಧಾನ ಹೀಗಿದೆ: ಮಣ್ಣಿನ ಮಟ್ಟದಿಂದ ಸ್ವಲ್ಪ ಕೆಳಗೆ, ಚಿಗುರೊಡೆಯೋ ಭಾಗಕ್ಕಿಂತ ಆಳದಲ್ಲಿ ತಾಯಿಬೇರನ್ನ ಕತ್ತರಿಸಬೇಕು. ಪೊದೆಯನ್ನ ತಲೆಕೆಳಗಾಗಿ ಇಟ್ಟು ಒಣಗಿಸಬೇಕು. ಆಮೇಲೆ ಖಾಲಿ ಜಾಗದಲ್ಲಿ ಹುಲ್ಲು ಬರಿಸಬೇಕು, ಹಕ್ಕಿ ತಂದು ಬೀಳಿಸೋ ಬೀಜ ಮೊಳೆತರೆ ಕೆಲವು ವರ್ಷ ಬಿಡದೆ ಕೀಳ್ತಾ ಇರಬೇಕು. ಒಂದು ಬೆಟ್ಟಕ್ಕೆ ಇದು ಸಾಧ್ಯ. ಲಕ್ಷಾಂತರ ಚದರ ಕಿಲೋಮೀಟರಿಗೆ? ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ 200 ವರ್ಷದ ಅನುಭವ ನೋಡಿ 2012ರಲ್ಲಿ ಶೋನಿಲ್ ಭಾಗವತ್ ಮತ್ತಿತರರು ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ 'ಸೋತ ಯುದ್ಧವೇ?' ಅನ್ನೋ ಅರ್ಥದ ಪ್ರಶ್ನೆ ಇತ್ತು. ಪೂರ್ತಿ ನಿರ್ಮೂಲ ಮಾಡೋ ಆಸೆ ಬಿಟ್ಟು, ಅದರ ಜೊತೆ ಹೇಗೆ ಏಗೋದು ಅಂತ ಯೋಚಿಸಿ ಅನ್ನೋದು ಅವರ ಮಾತು.

ಏಗೋ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಮಲೆ ಮಹದೇಶ್ವರ ಬೆಟ್ಟದ ಕೆಲಸ. ಅಲ್ಲಿ ಸೋಲಿಗರು ಲಂಟಾನ ಕಡ್ಡಿಯನ್ನ ಬೇಯಿಸಿ, ಸಿಪ್ಪೆ ತೆಗೆದು, ಬೆತ್ತದ ಥರ ಬಗ್ಗಿಸಿ ಕುರ್ಚಿ, ಟೇಬಲ್ ಮಾಡ್ತಾರೆ. ಏಟ್ರೀ ಸಂಸ್ಥೆ ಇದಕ್ಕೆ ಜೊತೆ ನಿಂತಿದೆ. ಅಲ್ಲಿಂದ ಮುಂದೆ ಇದು ಆನೆಗಳ ತನಕ ಹೋಯ್ತು. ನಿಜವಾದ ಆನೆಯಷ್ಟೇ ದೊಡ್ಡದಾದ, ಲಂಟಾನ ಕಡ್ಡಿಯಲ್ಲಿ ಹೆಣೆದ ಆನೆಗಳು. ಸೋಲಿಗ, ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕ ಸಮುದಾಯದ ಕುಶಲಕರ್ಮಿಗಳು ಮಾಡಿದ ಈ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತವು. 2024ರಲ್ಲಿ ಅಮೆರಿಕ ಪ್ರವಾಸ ಮಾಡಿದವು. ಅದೇ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಬಂದು ನಿಂತಿದ್ದವು. ನಿಮ್ಮಲ್ಲಿ ಎಷ್ಟೋ ಜನ ಅವುಗಳ ಪಕ್ಕ ಸೆಲ್ಫಿ ತೆಗೆದುಕೊಂಡಿರ್ತೀರ. ಒಂದು ಬೊಟಾನಿಕಲ್ ಗಾರ್ಡನ್ ಮೂಲಕ ಈ ದೇಶಕ್ಕೆ ಬಂದ ಗಿಡ ಇನ್ನೊಂದು ಬೊಟಾನಿಕಲ್ ಗಾರ್ಡನ್‌ಗೆ ಆನೆಯ ರೂಪದಲ್ಲಿ ಬಂದಿತ್ತು. ಆದರೆ ಕುರ್ಚಿ, ಆನೆ ಮಾಡಿ ಈ ಗಿಡವನ್ನ ಖಾಲಿ ಮಾಡಿಬಿಡ್ತೀವಿ ಅಂದುಕೊಂಡರೆ ಅದು ಲೆಕ್ಕ ಬಾರದವರ ಮಾತು. ಆ ಕೆಲಸದಿಂದ ಆಗ್ತಿರೋದು ಬೇರೆ: ಇಷ್ಟು ವರ್ಷ ಬಿಲ್ ಕಟ್ಟಿದವರ ಕೈಗೆ ಸ್ವಲ್ಪವಾದರೂ ಆದಾಯ ಬರ್ತಿದೆ.

ಕೊನೆಯ ಭಾಗ ನಿಮ್ಮ ಮನೆಗೆ ಸಂಬಂಧಪಟ್ಟಿದ್ದು. ಯಾಕಂದರೆ ಈ ಕಥೆ ಮುಗಿದಿಲ್ಲ. ಇವತ್ತಿಗೂ ನರ್ಸರಿಗಳಲ್ಲಿ ಲಂಟಾನ ಸಿಗುತ್ತೆ. ಗಿಡ್ಡ ತಳಿ, ಎರಡು ಬಣ್ಣದ ತಳಿ, ನೇರಳೆ ಹೂವಿನ ಹಬ್ಬೋ ಜಾತಿ. 'ಇದು ಬೀಜ ಬಿಡಲ್ಲ ಸಾರ್, ಹೈಬ್ರಿಡ್ಡು' ಅಂತ ಹೇಳ್ತಾರೆ. ಬೀಜ ಬಿಡದ ತಳಿಗಳು ಇರೋದು ನಿಜ. ಆದರೆ ಅವುಗಳಲ್ಲಿ ಕೆಲವದರ ಪರಾಗ ಕೆಲಸ ಮಾಡುತ್ತೆ, ಹತ್ತಿರದ ಬೇರೆ ಲಂಟಾನಕ್ಕೆ ಬೀಜ ಕಟ್ಟಿಸುತ್ತೆ. ಅಮೆರಿಕದ ಫ್ಲೋರಿಡಾದಲ್ಲಿ ತೋಟದ ಲಂಟಾನ ಅಲ್ಲಿನದೇ ಆದ ಅಪರೂಪದ ಲಂಟಾನ ಜಾತಿಯ ಜೊತೆ ಬೆರೆತು ಆ ಜಾತಿಯ ಉಳಿವಿಗೇ ತೊಂದರೆ ತಂದಿದೆ.

ಹಾಗಂತ ಹೊರಗಿಂದ ಬಂದ ಗಿಡವೆಲ್ಲ ಕೆಟ್ಟದ್ದು ಅಂತ ಕೂಗಾಡೋಕೆ ನಾನು ಬಂದಿಲ್ಲ. ನಿಮ್ಮ ಸಾರಿನ ಮೆಣಸಿನಕಾಯಿ, ಟೊಮೆಟೊ, ಚಟ್ನಿಯ ಕಡಲೆಕಾಯಿ ಎಲ್ಲ ಬಂದಿದ್ದು ಅಮೆರಿಕ ಖಂಡದಿಂದಲೇ. ಬೋಗನ್‌ವಿಲ್ಲಾ ಕೂಡ ದಕ್ಷಿಣ ಅಮೆರಿಕದ್ದು. ನಮ್ಮ ಕಾಂಪೌಂಡುಗಳ ಮೇಲೆ ಇಷ್ಟು ಕಾಲದಿಂದ ಇದ್ದರೂ ಅದು ಬಂಡೀಪುರ ಹಿಡಿದಿಲ್ಲ, ಯಾಕಂದರೆ ನಾವು ಬೆಳೆಸೋ ತಳಿಗಳು ಬೀಜ ಕಟ್ಟೋದೇ ಅಪರೂಪ. ಹಾಗಾಗಿ ಊರು ಕೇಳೋದಕ್ಕಿಂತ ಗುಣ ಕೇಳಿ.

ನಮ್ಮಲ್ಲೇ ಇರೋ ಕೆಲವು ಪೊದೆಗಳನ್ನ ಹೇಳ್ತೀನಿ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ನಂದಿಬಟ್ಟಲು: ಬಹುತೇಕ ವರ್ಷವೆಲ್ಲ ಬಿಳಿ ಹೂವು, ಹಾಲು ಬರೋ ಗಿಡ ಆದ್ದರಿಂದ ದನ ಅಷ್ಟಾಗಿ ಮುಟ್ಟಲ್ಲ, ಮಳೆಗಾಲದಲ್ಲಿ ಕಡ್ಡಿ ನೆಟ್ಟರೆ ಸಾಕು. ಸ್ಪಟಿಕ: ಮಳೆ ಮುಗಿದ ಮೇಲೆ ನೇರಳೆ, ಬಿಳಿ ಹೂವು. ಹೂ ಮುಗಿದ ಮೇಲೆ ಕತ್ತರಿ ಹಾಕಿದರೆ ಮುಂದಿನ ಸಲ ಇನ್ನೂ ದಟ್ಟ. ಮುಳ್ಳು ಗೋರಂಟಿ: ಹಳದಿ ಹೂವು, ಮುಳ್ಳು ಇರೋದರಿಂದ ಬೇಲಿಗೆ ಒಳ್ಳೇದು. ಕೇಪಳ: ಕರಾವಳಿ, ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕೆಂಪು ಗೊಂಚಲು, ಚಿಟ್ಟೆಗಳಿಗೆ ಲಂಟಾನದಷ್ಟೇ ಇಷ್ಟ. ಹುಳಿ ಮಣ್ಣು ಬೇಕು. ಹೊಸ ಮನೆ ಗೋಡೆ ಪಕ್ಕ ಸಿಮೆಂಟು, ಸುಣ್ಣದ ಕಸ ಬಿದ್ದ ಮಣ್ಣಲ್ಲಿ ಎಲೆ ಹಳದಿ ಆಗುತ್ತೆ. ಆ ಮಣ್ಣು ತೆಗೆದು ಗೊಬ್ಬರ, ಕೊಳೆತ ಎಲೆ ಸೇರಿಸಿ ನೆಡಿ. ನೆರಳಿದ್ದರೆ ಕನಕಾಂಬರ. ಬೇಲಿ ಥರ ಬೇಕಂದರೆ ಎರಡಡಿಗೊಂದು ಗಿಡ, ಜೂನ್-ಜುಲೈ ಮಳೆಯಲ್ಲಿ. ಮೊದಲ ಬೇಸಿಗೆ ನೀರು ಹಾಕಲೇಬೇಕು. ಲಂಟಾನದಷ್ಟು ಸಲೀಸಲ್ಲ, ನಿಜ. ಅಷ್ಟು ಸಲೀಸಾಗಿದ್ದದ್ದೇ ಲಂಟಾನದ ಸಮಸ್ಯೆ.

ನಿಮ್ಮ ಸೈಟಲ್ಲಿ ಆಗಲೇ ಲಂಟಾನ ಇದ್ದರೆ, ಕಾಯಿ ಕಟ್ಟೋ ಮೊದಲು ಬೇರಿನ ಕತ್ತಿನ ಕೆಳಗೆ ಕತ್ತರಿಸಿ, ತಲೆಕೆಳಗಾಗಿ ಒಣಗಿಸಿ. ಚಿಟ್ಟೆಗೆ ಆಹಾರ ಹೋಯ್ತಲ್ಲ ಅಂತ ಬೇಜಾರಾದರೆ ಅದೇ ಜಾಗದಲ್ಲಿ ಕೇಪಳ ಇಡಿ.

ಮತ್ತೆ ಮುಂದಿನ ಸಲ ನರ್ಸರಿಗೆ ಹೋದಾಗ ಆ ನಾಲ್ಕು ಮಾತಿನ ಜೊತೆ ಐದನೆಯದನ್ನೂ ಕೇಳಿ: ಈ ಗಿಡ ನನ್ನ ಕಾಂಪೌಂಡ್ ದಾಟುತ್ತಾ, ದಾಟಿದರೆ ಯಾರ ಹೊಲಕ್ಕೆ ಹೋಗುತ್ತೆ? ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿರಬಹುದು. ನಾಲ್ಕು ಜನ ಕೇಳಿದರೆ ತಿಳ್ಕೊಳ್ತಾರೆ.

ಇವತ್ತಿಗೆ ಇಷ್ಟು. ನಿಮ್ಮ ಊರಲ್ಲಿ ಲಂಟಾನಕ್ಕೆ ಏನಂತಾರೆ, ಮನೆಯ ಹಿರಿಯರ ನೆನಪಲ್ಲಿ ಅದಿಲ್ಲದ ಗುಡ್ಡ ಹೇಗಿತ್ತು, ಕೇಳಿ ವಾಯ್ಸ್ ನೋಟ್ ಕಳಿಸಿ. ಅಂಥ ನೆನಪು ಇರೋರು ದಿನೇ ದಿನೇ ಕಮ್ಮಿ ಆಗ್ತಿದ್ದಾರೆ. ಮುಂದಿನ ವಾರ ಸಿಗೋಣ.